ನೀರು ಕುಡಿಯದೆ ಹೆಣ್ಣು ನೋಡಲು ಹೋದದ್ದು

ಹೆಣ್ಣು ನೋಡಲು ಹೋಗುವ ದಿನ ಬೆಳಗಿನಿಂದ ಒಂದು ಹನಿ ನೀರೂ ಕುಡಿಯಬಾರದೆಂದು ತೀರ್ಮಾನಿಸಿದ ಮಹಾಬುದ್ಧಿವಂತ ನಾನು. ಕಾರಣ ಹೇಳಲು ಈಗಲೂ ನಾಚಿಕೆ. ಹುಡುಗಿ ಅವಲಕ್ಕಿ ತಂದಿಡುವ ಹೊತ್ತಿಗೆ ಸರಿಯಾಗಿ ನಾನು ಹಿತ್ತಲಿಗೆ ಓಡುವಂತಾದರೆ ಏನು ಗತಿ ಎಂಬ ಹೆದರಿಕೆ.

ಹಳಿಯಾಳದಿಂದ ಮುಂಡಗೋಡಕ್ಕೆ ಸೋದರಮಾವನ ಜೊತೆ ಹೊರಟೆ. ಯುದ್ಧದ ಕಾಲ, ಪೆಟ್ರೋಲಿಲ್ಲ; ಬಸ್ಸು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿತ್ತು. ಓಡುತ್ತಿತ್ತು ಎಂದದ್ದು ಮರ್ಯಾದೆಗೆ. ಏರು ಬಂದಲ್ಲೆಲ್ಲ ನಾವೇ ಇಳಿದು ನೂಕಿದೆವು. ನೆತ್ತಿಯ ಮೇಲೆ ಬಿಸಿಲು, ಮುಖಕ್ಕೆ ಬಸ್ಸಿನ ಹಿಂದಿನ ಇದ್ದಿಲ ಒಲೆಯ ಕಾವು. ನಾನು ಸುರಿಸಿದ ಬೆವರಿನಲ್ಲಿ ಒಂದು ಗದ್ದೆ ನಾಟಿ ಮಾಡಬಹುದಿತ್ತು. ದಾರಿಯ ಬಾವಿಯಲ್ಲಿ ಎಲ್ಲರೂ ಹೊಟ್ಟೆ ತುಂಬ ನೀರು ಕುಡಿದರು.

“ಕುಡಿಯಲೇ ಅಳಿಯಾ, ಮಾರಿ ಒಣಗಿ ಹಪ್ಪಳ ಆಗೇತಿ,” ಎಂದ ಮಾವ.

“ವ್ಯಾಡ ಮಾವಾ, ನನಗ ನೀರಡಿಕಿನಽ ಇಲ್ಲ,” ಎಂದೆ. ಅಷ್ಟು ಹೇಳುವಷ್ಟರಲ್ಲಿ ನಾಲಿಗೆ ಅಂಗುಳಿಗೆ ಅಂಟಿಕೊಂಡಿತು.

ಹೆಣ್ಣಿನ ಮನೆಯ ಬಾಗಿಲಲ್ಲಿ ತಂಬಿಗೆ ನೀರು ಕೊಟ್ಟರು. ಕಾಲು ತೊಳೆದೆ, ಕುಡಿಯಲಿಲ್ಲ. ಒಳಗೆ ಕುಳಿತೆ. ಹುಡುಗಿ ಬಂದಳು, ಒಬ್ಬಳಿದ್ದವಳು ನೋಡನೋಡುತ್ತ ಮೂವರಾದಳು. ಯಾರಿಗೆ ನಮಸ್ಕಾರ ಮಾಡುವುದೆಂದು ತಿಳಿಯದೆ ಎದ್ದು ನಿಂತವನು ಅವಲಕ್ಕಿಯ ತಾಟಿನ ಮೇಲೆಯೇ ಬಿದ್ದೆ.

ಕಣ್ಣು ಬಿಟ್ಟಾಗ ಹುಡುಗಿಯ ತಂದೆ ಮಾವನನ್ನು ಕೇಳುತ್ತಿದ್ದರು: “ಖರೆ ಹೇಳ್ರಿ, ಹುಡುಗಗ ಮೂರ್ಛೆರೋಗ ಐತೇನ್ರಿ? ಹಂಗಿದ್ರ ನಾವು ಹೆಣ್ಣು ಕೊಡೂದಿಲ್ಲ.”

ಈ ಸುದ್ದಿ ಹಬ್ಬಿದರೆ ಸುತ್ತಲಿನ ಯಾವ ಊರಲ್ಲೂ ನನಗೆ ಹೆಣ್ಣಿಲ್ಲ. ಇಲ್ಲ ಎನ್ನಲು ಬಾಯಿ ತೆರೆದರೆ ಮಾತೇ ಹೊರಡಲಿಲ್ಲ. ಅಷ್ಟರಲ್ಲಿ ಹುಡುಗಿಯ ಅಜ್ಜಿ ಉಪ್ಪು ಹಾಕಿದ ಮಜ್ಜಿಗೆಯ ಚರಿಗೆ ತಂದು ನನ್ನ ಬಾಯಿಗೆ ಹಿಡಿದರು.

“ಸಾವಕಾಶ ಕುಡಿಯೋ ತಮ್ಮಾ. ಯಾರೂ ಕಸ್ಕೊಳ್ಳೂದಿಲ್ಲ.”

ಎರಡು ಚರಿಗೆ ಒಳಗಿಳಿದ ಮೇಲೆ ಮೂವರು ಹುಡುಗಿಯರು ಒಬ್ಬಳಾದರು. ಎದ್ದು ಕುಳಿತು, ಮೀಸೆಗಂಟಿದ ಅವಲಕ್ಕಿ ಒರೆಸಿಕೊಳ್ಳುತ್ತ, ನನ್ನ ಘನ ಉಪಾಯವನ್ನು ಒಪ್ಪಿಕೊಂಡೆ. ಹುಡುಗಿಯ ತಂದೆ ಗೋಡೆಗೆ ಒರಗಿ ಹೊಟ್ಟೆ ಹಿಡಿದು ನಕ್ಕರು. ಆ ನಗು ಕೇಳಿದ ಮೇಲೆಯೇ ನನಗೆ ಸರಿಯಾಗಿ ಉಸಿರು ಬಂತು. ಆಮೇಲೆ ಹಿತ್ತಲು ಎಲ್ಲಿದೆ ಎಂದು ಕೇಳಿದೆ; ಮನೆಮಂದಿಯೆಲ್ಲ ಒಟ್ಟಿಗೇ ಕೈ ತೋರಿಸಿದರು.

ಮದುವೆಯಾದ ಮೇಲೆ ಹೆಂಡತಿ ಹೇಳಿದಳು: “ಅಜ್ಜಿ ಕಿವ್ಯಾಗ ಮಜ್ಜಿಗಿ ತಾ ಅಂದಾಕಿ ನಾನಽ. ನಿಮ್ಮ ತುಟಿ ಬಿರಕು ಬಿಟ್ಟಿದ್ದು ನೋಡಿದ್ನಿ. ಇದು ರೋಗ ಅಲ್ಲ, ಹುಚ್ಚುತನ ಅಂತ ಗೊತ್ತಾತು. ಹುಚ್ಚುತನ ಆದ್ರ ನಾ ಸಂಭಾಳಿಸ್ತೇನಿ ಅಂದ್ಕೊಂಡ್ನಿ.”