ಹಿಡಿಯಿಲ್ಲದ ಬಾಗಿಲಿನ ಕಾರು

ನಗುವವರು ಈಗಲೇ ನಕ್ಕುಬಿಡಲಿ. ಕಂಪನಿಯವರಿಗಿಂತ ಮೊದಲೇ ಅವರ ಹೊಸ ಸ್ಪೋರ್ಟ್ಸ್ ಕಾರನ್ನು ಬನಶಂಕರಿಯ ಒಂದು ತಗಡಿನ ಶೆಡ್ಡಿನಲ್ಲಿ ತಯಾರಿಸಿದವನು ನಾನು. ಅದಕ್ಕಾಗಿ ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಕೇಳಬೇಕಾದ ಕ್ಷಮೆ ಬೇರೆ ಇದೆ.

ಎಸ್ಸೆಸ್ಸೆಲ್ಸಿ ಮುಗಿಸಿ ಬೀದಿ ಸುತ್ತುತ್ತಿದ್ದ ನನ್ನನ್ನು ಟಿಂಕರ್ ಕೆಲಸಕ್ಕೆ ಹಚ್ಚಿದವರು ಅಕ್ಕನ ಗಂಡ. ಕಲಿತ ಮೇಲೆ ಶೆಡ್ಡು ಹಾಕಿಸಿಕೊಟ್ಟವರೂ ಅವರೇ. ಜಯನಗರದಲ್ಲಿ ಮನೆ, ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ. ಭಾವನ ಬಳಿ ಎರಡು ಬಾಗಿಲಿನ, ಬಟ್ಟೆಯ ಹುಡ್ ಮಡಚಿಡಬಹುದಾದ ಹಳೆಯ ಸ್ಪೋರ್ಟ್ಸ್ ಕಾರು ಇತ್ತು. ಹಾಲಿನ ಕೆನೆಯ ಬಣ್ಣ. ಅದರ ಮೇಲೆ ಕಾಗೆ ಕೂತರೂ ಅವರಿಗೆ ಆಗುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅದೇ ಕಾರು ಹೊಸ ರೂಪದಲ್ಲಿ ಬರುತ್ತದೆಂಬ ಸುದ್ದಿ ಹಬ್ಬಿತು. ಭಾನುವಾರವಾದರೆ ಭಾವ ಶೆಡ್ಡಿಗೆ ಬಂದು, ಬೈ ಟೂ ಕಾಫಿ ತರಿಸಿ, ಸ್ಟೆಪ್ನಿಯ ಮೇಲೆ ಕೂತು, ವಾರವಿಡೀ ಕೂಡಿಟ್ಟ ಸುದ್ದಿಯನ್ನು ಬಿಚ್ಚುತ್ತಿದ್ದರು.

“ಲೋ, ಹೊಸ ಮಾಡೆಲ್‌ಗೆ ಹೊರಗಡೆ ಹ್ಯಾಂಡಲ್ಲೇ ಇರಲ್ವಂತೆ ಕಣೋ.”

“ಮತ್ತೆ ಬಾಗಿಲು ಹೆಂಗೆ ತೆಗೀತಾರೆ ಭಾವ?”

“ಅದೇ ಅಲ್ವೇನೋ ಡಿಸೈನು! ಅದು ನಿಂಗೆ ಹೊಳೆದಿದ್ರೆ ನೀನ್ಯಾಕೆ ಸುತ್ತಿಗೆ ಹಿಡ್ಕೊಂಡು ಕೂತಿರ್ತಿದ್ದೆ?”

ಇನ್ನೊಂದು ವಾರ, ಹೆಡ್‌ಲೈಟುಗಳು ಮೂಗಿನೊಳಗೆ ಅಡಗಿರುತ್ತವೆ ಎಂದರು. ಮತ್ತೊಂದು ವಾರ, ಹಿಂಬದಿಯ ಎರಡೂ ಪಕ್ಕ ಎದ್ದುನಿಂತ ತಗಡಿನ ರೆಕ್ಕೆಗಳೆಲ್ಲ ಹೋಗಿ ಡಿಕ್ಕಿ ಬಾತುಕೋಳಿಯ ಬಾಲದ ಹಾಗೆ ಮೇಲೇಳುತ್ತದೆ ಎಂದರು. ವಿಲ್ಸನ್ ಗಾರ್ಡನ್ನಿನ ಅವರ ಸಹೋದ್ಯೋಗಿಯೊಬ್ಬರು ಹೊಸೂರು ರಸ್ತೆಯಲ್ಲಿ ಟಾರ್ಪಾಲಿನ್ ಹೊದ್ದ ಕಾರೊಂದನ್ನು ಕಂಡು, ಬರೀ ಉಬ್ಬುತಗ್ಗು ನೋಡಿಯೇ ಒಳಗಿನ ಆಕಾರವನ್ನು ಹೇಳಿದ್ದರಂತೆ. ಬಣ್ಣವಂತೂ ಕೆಂಪೇ ಅಂತೆ. ಟಾರ್ಪಾಲಿನ್ ಒಳಗಿನ ಬಣ್ಣ ಹೇಗೆ ಕಂಡಿತು ಎಂದು ನಾನು ಕೇಳಲಿಲ್ಲ. ಭಾವ ಹೇಳಿದಂತೆಲ್ಲ ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆ. “ಇನ್ನೂ ಸ್ವಲ್ಪ ತಗ್ಗಿಸೋ” ಎಂದು ಅವರೇ ಎದ್ದು ಬಂದು ಅಂಗೈಯಲ್ಲಿ ಒರೆಸಿ ತಿದ್ದುತ್ತಿದ್ದರು. ನನಗೆ ಆ ಭಾನುವಾರಗಳಿಗಿಂತ ದೊಡ್ಡ ಹಬ್ಬ ಇರಲಿಲ್ಲ.

ಆ ಮಳೆಗಾಲದಲ್ಲಿ ಕಾರ್ಖಾನೆಯವರು ಭಾವನನ್ನು ತರಬೇತಿಗೆಂದು ಉತ್ತರದ ಕಡೆ ಕಳಿಸಿದರು. ಹೊರಡುವಾಗ ಕಾರನ್ನು ನನ್ನಲ್ಲಿ ಬಿಟ್ಟು, “ಆಯುಧಪೂಜೆ ಹೊತ್ತಿಗೆ ಬರ್ತೀನಿ. ನೆಗ್ಗಿರೋದನ್ನ ಎತ್ತಿ, ಅದೇ ಬಣ್ಣ ಹೊಡೆದಿಡು” ಎಂದರು.

ನೆಗ್ಗು ಎತ್ತಲು ಕೂತವನು ಕತ್ತೆತ್ತಿ ಗೋಡೆ ನೋಡಿದೆ. ಹಬ್ಬದ ದಿನ ಅವರ ಬೀದಿಯವರೆಲ್ಲ ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಸಾಲಾಗಿ ನಿಲ್ಲಿಸುತ್ತಿದ್ದರು. ಆ ಸಾಲಿನಲ್ಲಿ ಭಾವನ ಕಾರು ಇಡೀ ಬೆಂಗಳೂರಿಗೆ ಮೊದಲನೆಯ ಹೊಸ ಮಾಡೆಲ್ ಆಗಿ ನಿಲ್ಲಬೇಕು ಅನ್ನಿಸಿತು. ಕೇಳಬೇಕು ಅನ್ನಿಸಲಿಲ್ಲ. ರೆಕ್ಕೆ ಕತ್ತರಿಸಿದೆ. ಮೂಗು ಉದ್ದ ಮಾಡಿ ದೀಪಗಳನ್ನು ಒಳಗೆ ತಳ್ಳಿದೆ. ಹಿಡಿ ಕಿತ್ತು, ತೂತು ಮುಚ್ಚಿ, ಬಾಗಿಲನ್ನು ನುಣ್ಣಗೆ ಉಜ್ಜಿದೆ. ಕುಂಕುಮದಂಥ ಕೆಂಪು ಹೊಡೆದೆ. ಅಂಥ ಬೆಸುಗೆ ಕೆಲಸ ನಾನು ಮುಂದೆಂದೂ ಮಾಡಲಿಲ್ಲ.

ಹಬ್ಬದ ಬೆಳಿಗ್ಗೆ ಅದನ್ನು ಅಕ್ಕನ ಮನೆಯ ಮುಂದೆ ತಂದು ನಿಲ್ಲಿಸಿದೆ. ಅಕ್ಕ ಬಾಯಿಗೆ ಸೆರಗು ಹಿಡಿದು ಒಳಗೆ ಹೋದಳು. ಬೀದಿಯವರು ಸುತ್ತ ನಿಂತು ನಗತೊಡಗಿದರು.

“ಯಾರು ಹೇಳಿದ್ದಪ್ಪ ಹಿಂಗೆ ಮಾಡು ಅಂತ?” ಎಂದು ಎದುರು ಮನೆಯ ಯಜಮಾನರು ಕೇಳಿದರು.

“ನಮ್ಮ ಭಾವ. ಅವರೇ ಹೇಳಿ ಮಾಡ್ಸಿದ್ದು” ಅಂದುಬಿಟ್ಟೆ.

ಇದೇ ನನ್ನ ತಪ್ಪು. ನಗು ನನ್ನ ಮೈಮೇಲೆ ಬೀಳದಿರಲಿ ಎಂದು ಊರಲ್ಲಿಲ್ಲದ ಮನುಷ್ಯನ ಮೇಲೆ ಎತ್ತಿ ಹಾಕಿದೆ. ಅಷ್ಟರಲ್ಲೇ ಆಟೋ ಬಂತು, ಭಾವ ಟ್ರಂಕು ಹಿಡಿದು ಇಳಿದರು.

“ಏನ್ ಸಾರ್, ನೀವೇ ಹೇಳಿ ಮಾಡ್ಸಿದ್ದಂತೆ! ಬಾತುಕೋಳಿ ಮೊಟ್ಟೆ ಇಡೋದು ಯಾವಾಗ?” ಎಂದು ಗುಂಪಿನಲ್ಲಿ ಯಾರೋ ಕೂಗಿದರು.

ಭಾವ ಕಾರು ನೋಡಿದರು. ಆಮೇಲೆ ನನ್ನನ್ನು ನೋಡಿದರು. “ಹೂಂ, ನಾನೇ ಹೇಳಿದ್ದೆ” ಎಂದು ಒಳಗೆ ನಡೆದರು.

ಹಿಂದೆಯೇ ಹೋದೆ. “ನೀವು ಹೇಳಿದ ಹಾಗೇ ಮಾಡಿದೀನಿ ಭಾವ. ಒಂದು ಗೆರೆ ಆಚೆ ಈಚೆ ಇಲ್ಲ.”

“ನಾನು ಹೇಳಿದ್ದು ಬರೋ ಕಾರಿನ ವಿಷ್ಯ ಕಣೋ. ಇರೋ ಕಾರಿನ ವಿಷ್ಯ ಅಲ್ಲ.”

ಆ ವರ್ಷ ಅವರು ಅಕ್ಕನ ಹೊಲಿಗೆ ಮಿಷಿನ್ನಿಗೆ ಪೂಜೆ ಮಾಡಿದರು, ತಮ್ಮ ಸೈಕಲ್ಲಿಗೂ ಮಾಡಿದರು. ಕಾರಿನ ಚಕ್ರದಡಿ ನಿಂಬೆಹಣ್ಣು ಇಡಲಿಲ್ಲ. ನಾನು ಅದನ್ನು ಶೆಡ್ಡಿಗೆ ವಾಪಸು ತಂದೆ. ಭಾನುವಾರ ಬಂತು, ಭಾವ ಬರಲಿಲ್ಲ. ಮುಂದೆಯೂ ಬರಲಿಲ್ಲ. ಒಬ್ಬನೇ ಪೂರ್ತಿ ಕಾಫಿ ತರಿಸಿ ಕುಡಿದೆ. ಗೋಡೆಯ ಗೆರೆ ಅಳಿಸಲಿಲ್ಲ, ಕಾರನ್ನೂ ಹಳೆಯ ರೂಪಕ್ಕೆ ತರಲಿಲ್ಲ. ಹಟ ಎನ್ನಿ. ಹೌದು, ಹಟವೇ.

ಎಂಬತ್ತರ ದಶಕ ಶುರುವಾದ ಮೇಲೆ ಒಂದು ದಿನ ಹೊಸ ಮಾಡೆಲ್ ಜಯನಗರದ ನಾಲ್ಕನೇ ಬ್ಲಾಕಿಗೆ ಬಂತು. ಜಾತ್ರೆಯಂತೆ ಜನ. ನಾನೂ ನುಗ್ಗಿ ನೋಡಿದೆ. ಅದೇ ಹಳೆಯ ಕಾರು. ಮುಂದಿನ ಗ್ರಿಲ್ ಬೇರೆ, ಬಂಪರ್ ಬೇರೆ, ಅಷ್ಟೆ. ಮುಷ್ಟಿ ಗಾತ್ರದ ಹ್ಯಾಂಡಲ್ಲು ಹೊರಗೇ ಹೊಳೆಯುತ್ತಿತ್ತು. ನಾನು ಜನರ ನಡುವೆ ಜೋರಾಗಿ ನಕ್ಕೆ.

ಶೆಡ್ಡಿಗೆ ಮರಳಿದರೆ ಭಾವ ಸ್ಟೆಪ್ನಿಯ ಮೇಲೆ ಕೂತಿದ್ದರು.

“ನೋಡಿದ್ಯೇನೋ?”

“ನೋಡ್ದೆ ಭಾವ.”

“ಹ್ಯಾಂಡಲ್ ಇದೆ.”

“ಇದೆ. ಅವರಿಗೂ ಹೊಳೀಲಿಲ್ಲ.”

ಅವರು ನಗಲಿಲ್ಲ. ಎದ್ದು ನಮ್ಮ ಕಾರಿನ ಸುತ್ತ ಒಂದು ಬಾರಿ ಬಂದರು. ಬಾಗಿಲ ಬಳಿ ಅವರ ಕೈ ಹಳೆಯ ಅಭ್ಯಾಸದಲ್ಲಿ ಹಿಡಿ ಹುಡುಕಿ ನುಣ್ಣನೆ ತಗಡಿನ ಮೇಲೆ ಜಾರಿತು.

“ತೆಗಿಯೋ” ಎಂದರು. ನಾನು ಕಿಟಕಿಯೊಳಗೆ ಕೈ ಹಾಕಿ ತೆರೆದೆ. ಅವರು ಕೂತು, ಸ್ಟೀರಿಂಗಿನ ಧೂಳು ಒರೆಸಿ, “ಬಣ್ಣನಾದ್ರೂ ಅದೇ ಬಿಡಬಾರದಿತ್ತೇನೋ” ಎಂದರು.

ಅಲ್ಲೇ ಕೇಳಿಬಿಡಬೇಕಿತ್ತು, ಅಂದು ಬೀದಿಯಲ್ಲಿ ಹೇಳಿದ ಸುಳ್ಳಿನ ಕ್ಷಮೆ. ಕೇಳಲಿಲ್ಲ; ಪಕ್ಕದಲ್ಲಿ ಹತ್ತಿ ಕೂತೆ. ಭಾವ ಕಾರನ್ನು ಹೊಸಕೆರೆಹಳ್ಳಿಯ ಕಡೆ ಓಡಿಸಿದರು. ಆಮೇಲೆ ಅವರೇ ಮಾತು ಶುರು ಮಾಡಿದರು: “ಮುಂದಿನ ವರ್ಷ ಇನ್ನೊಂದು ಬರುತ್ತಂತೆ ಕಣೋ…”

ಎದುರು ಮನೆಯವರಿಗೆ, ಅಂದು ನಕ್ಕ ಬೀದಿಗೆ, ಈಗ ಹೇಳುತ್ತಿದ್ದೇನೆ: ಭಾವ ಮಾಡಿಸಿದ್ದಲ್ಲ, ನಾನೇ ಮಾಡಿದ್ದು. ಸುಳ್ಳಿಗೆ ತಲೆ ತಗ್ಗಿಸುತ್ತೇನೆ, ಬಣ್ಣಕ್ಕೂ. ಆ ಮೂಗಿಗೆ, ಆ ಬಾಲಕ್ಕೆ, ಆ ನುಣ್ಣನೆ ಬಾಗಿಲಿಗೆ ಮಾತ್ರ ತಗ್ಗಿಸುವುದಿಲ್ಲ.