ಕಾಕು ತುಂಬಿದ ಪೌಡರ್

ಮೊನ್ನೆ ಗೋರೆಗಾಂವ್‌ನ ಅಂಗಡಿಯೊಂದರಲ್ಲಿ ಬಟ್ಟೆ ಒಗೆಯುವ ಪೌಡರ್ ಆರಿಸುತ್ತ ನಿಂತಿದ್ದೆ. ಮಷಿನ್‌ಗೊಂದು, ಕೈಯಲ್ಲಿ ಒಗೆಯುವುದಕ್ಕೊಂದು, ಉಣ್ಣೆಗೊಂದು. ಕೆಳಗಿನ ಸಾಲಿನಲ್ಲಿ ಒಂದು ಪ್ಯಾಕೆಟ್ ಒಡೆದಿತ್ತು. ಅದರ ಘಾಟು ಮೂಗಿಗೆ ಹತ್ತಿದ್ದೇ ತಡ, ಚಿಕ್ಕಂದಿನಲ್ಲಿ ನಾವಿದ್ದ ಭಾಂಡುಪ್‌ನ ಚಾಳಿನ ಎದುರುಮನೆ ಕಾಕು ಕಣ್ಣೆದುರು ಬಂದರು…

ಎಪ್ಪತ್ತರ ದಶಕದ ಮಾತು. ಕಾಕು ವಿಜಾಪುರದ ಕಡೆಯವರು; ಅಲ್ಲಿ ಚಿಕ್ಕಮ್ಮನಿಗೆ ಕಾಕು ಅನ್ನುತ್ತಾರೆ. ಗಂಡನ ಬಲಗೈ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಹೋದ ಮೇಲೆ ಅವರೇ ರೈಲು ಹಳಿಯಾಚೆಯ ತಗಡಿನ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಹೆಂಗಸರು ಸಾಲಾಗಿ ಕುಳಿತು, ಸೋಡಾ ಬೆರೆಸಿದ ಪೌಡರನ್ನು ಪ್ಯಾಕೆಟ್ಟಿಗೆ ತುಂಬುತ್ತಿದ್ದರು. ಸಂಜೆ ಬರುವಾಗ ಕಾಕುವಿನ ರೆಪ್ಪೆಗಳ ಮೇಲೂ ಬಿಳಿ ಧೂಳಿರುತ್ತಿತ್ತು.

ನಮ್ಮಪ್ಪ ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಸಪ್ಲಾಯರ್. ಬಿಳಿ ಅಂಗಿ ಮಾಸಿದ್ದರೆ ಗಲ್ಲಾದಲ್ಲಿ ಕುಳಿತ ಧಣಿ ಎಲ್ಲರೆದುರೇ ಬೈಯುತ್ತಿದ್ದರು. ಚಾಳಿನ ಬಾವಿಯದೋ ಗಡಸು ನೀರು. ಬಾರ್ ಸಾಬೂನು ಎಷ್ಟು ಉಜ್ಜಿದರೂ ನೊರೆ ಬಾರದೆ, ಒಡೆದ ಹಾಲಿನಂತೆ ಬಟ್ಟೆಗೆ ಮೆತ್ತಿಕೊಳ್ಳುತ್ತಿತ್ತು. ಕಾಕುವೇ ಅಮ್ಮನಿಗೆ ಹೇಳಿದರು, “ಈ ನೀರಿಗೆ ಬಾರ್ ನಡ್ಯಂಗಿಲ್ಲ ತಂಗಿ, ಪೌಡರ್ ಹಾಕಿ ನೋಡು.” ಹಾಕಿದ ದಿನ ಬಕೆಟ್ ತುಂಬ ನೊರೆ. ಅಮ್ಮ ನನ್ನನ್ನು ಕರೆದು ತೋರಿಸಿದ್ದಳು.

ಕಾಕುವಿಗೆ ಮೊದಮೊದಲು ಬರಿ ಒಣಕೆಮ್ಮು. ಆಮೇಲೆ ಬಾವಿಯಿಂದ ಮನೆಗೆ ಕೊಡ ತರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದರು. ಆ ಧೂಳಿನಿಂದ ದೂರವಿರಿ ಎಂದು ಡಾಕ್ಟರು ಹೇಳಿದ್ದರು.

“ಆ ಕೆಲಸ ಬಿಟ್ಟುಬಿಡಿ ಅಕ್ಕಾ,” ಅಮ್ಮ ಅಂದಳು. “ಜೀವ ಇದ್ರಲ್ವಾ ಬಾಕಿದ್ದೆಲ್ಲ?”

“ಬಿಟ್ಟು ಉಣ್ಣೂದೇನು? ಮಗಳಿನ್ನೂ ಸಾಲಿ ಕಲಿಯಾಕತ್ತಾಳ. ಅಕಿ ಕಲೀಲಿ. ಅಲ್ಲೀತನಕ ಉಸುರು ಇದ್ರ ಸಾಕು.”

ಅಲ್ಲಿಯತನಕ ಉಸಿರು ಇರಲಿಲ್ಲ. ಮಳೆಗಾಲದ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವರು ಮೆಟ್ಟಿಲ ಮೇಲೇ ಕುಸಿದರು. ಬಾಯಿ ತೆರೆದು ಗಾಳಿಗಾಗಿ ಒದ್ದಾಡುತ್ತಿದ್ದರು. ಅಪ್ಪ, ಪಕ್ಕದ ಮನೆಯವರು ಸೇರಿ ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಮಧ್ಯಾಹ್ನ ಅಪ್ಪ ತಲೆ ತಗ್ಗಿಸಿಕೊಂಡು ಬಂದರು.

ಅಮ್ಮ ಮನೆಯಲ್ಲಿದ್ದ ಪೌಡರನ್ನೆಲ್ಲ ಮೋರಿಗೆ ಸುರಿದು ಬಾರ್ ಸಾಬೂನು ತಂದಳು. ಅಪ್ಪನ ಅಂಗಿ ಮತ್ತೆ ಬೂದಿ ಬಣ್ಣಕ್ಕೆ ತಿರುಗಿತು. ಧಣಿ, “ಹೀಗೇ ಬರುವುದಾದ್ರೆ ನಾಳೆಯಿಂದ ಬರುವುದೇ ಬೇಡ” ಎಂದ ದಿನ ಅಮ್ಮ ಪುನಃ ಪೌಡರ್ ತಂದಳು. ಒಗೆಯುವಾಗ ನಮ್ಮ ಯಾರ ಮುಖವನ್ನೂ ನೋಡಲಿಲ್ಲ.

ಅಷ್ಟರಲ್ಲಿ ಕಾಕುವಿನ ಮಗಳು ಶಾಲೆ ಬಿಟ್ಟಾಗಿತ್ತು. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದವಳು, ಹಳೆ ಸೀರೆಯ ತುಂಡನ್ನು ಮೂಗಿಗೆ ಕಟ್ಟಿಕೊಂಡು, ಅದೇ ಶೆಡ್ಡಿನಲ್ಲಿ ತಾಯಿಯ ಜಾಗದಲ್ಲಿ ಕೂತಳು. ನಾವು ಚಾಳ್ ಬಿಟ್ಟು ಹೊರಟಾಗ ಅವಳಿನ್ನೂ ಕೆಲಸದಿಂದ ಬಂದಿರಲಿಲ್ಲ…

ಆಮೇಲೆ ಅವರ ಸುದ್ದಿ ತಿಳಿಯಲಿಲ್ಲ. ಕಾಕು ಬಯಸಿದ್ದು ಒಂದೇ, ಮಗಳ ಓದು. ಆ ಮಗಳಿಗೂ ಈಗ ನನ್ನಷ್ಟೇ ವಯಸ್ಸಾಗಿರಬೇಕು… ಇದ್ದರೆ.