ಮಂಗಳನ ಮಣ್ಣಿಗೆ ಚರಗ

ಎರಡು ಕಡೆಯಿಂದ ಖಚಿತವಾಗದ ಸುದ್ದಿಯನ್ನು ನಾನು ನಂಬುವುದಿಲ್ಲ. ಇಂಡಿ ಊರಲ್ಲಿ ಮಳೆಯಾಯಿತೆಂದು ಫೋನು ಬಂದರೆ ಪಕ್ಕದ ಸಾಲೋಟಗಿಗೂ ಒಂದು ಫೋನು ಹೋಗುತ್ತದೆ. ಅಡುಗೆಯಾಯಿತು ಎಂದರೂ ಒಮ್ಮೆ ಒಲೆಯ ಕಡೆ ಇಣುಕುತ್ತೇನೆಂಬುದು ನನ್ನ ಹೆಂಡತಿಯ ದೂರು. ಇಂಥ ಒಣ ವರದಿಗಾರನ ಎದೆಯೂ ಒಂದೇ ಒಂದು ಸುದ್ದಿಗೆ ಪ್ರತಿ ಸಲ ಜೋರಾಗಿ ಬಡಿಯುತ್ತದೆ: ಮಂಗಳನ ಮಣ್ಣಿನಲ್ಲಿ ಜೀವವಿದೆಯೇ?

ಈ ಸಲದ ಎಳ್ಳ ಅಮಾವಾಸ್ಯೆಗೆ ಕನ್ನೊಳ್ಳಿಯ ಗೆಳೆಯ ವೆಂಕಣ್ಣ ತನ್ನ ಹೊಲಕ್ಕೆ ಕರೆದಿದ್ದ. ಅಂದು ನಮ್ಮ ಕಡೆ ಮೊದಲ ಊಟ ಭೂಮಿಗೆ. ಬುಟ್ಟಿಯಲ್ಲಿ ತಂದ ಸಜ್ಜೆ ರೊಟ್ಟಿ, ಹೋಳಿಗೆ, ಪಲ್ಯಗಳನ್ನು ಬೆರೆಸಿ ಬೆಳೆದು ನಿಂತ ಜೋಳದ ನಡುವೆ ಚರಗ ಚೆಲ್ಲಿದ ಮೇಲೆಯೇ ನಮ್ಮ ಪಂಕ್ತಿ. ಆ ಪಂಕ್ತಿಯಲ್ಲಿ ಸಿಂದಗಿಯ ನಿವೃತ್ತ ವಿಜ್ಞಾನ ಶಿಕ್ಷಕ ದಸ್ತಗೀರ ಮಾಸ್ತರರೂ ಇದ್ದರು. ಮುದ್ದೇಬಿಹಾಳದ ಡಾಕ್ಟರಿರಲಿ, ಇಂಡಿಯ ಕಿರಾಣಿ ವ್ಯಾಪಾರಿಯಿರಲಿ, ಅವರ ಶಿಷ್ಯರಿಗೆಲ್ಲ ಮಾಸ್ತರರು ಹೇಳಿದರೆ ಮಾತು ಮುಗಿಯಿತು. ಮಂಗಳನಲ್ಲಿ ಜೀವವಿಲ್ಲ ಎಂದೂ ಅವರು ಹೇಳಿ ಮುಗಿಸಿದ್ದರು. ಈಗ ಬಸವನ ಬಾಗೇವಾಡಿಯ ಒಂದು ಶಾಲೆ ಅದೇ ವಿಷಯದ ಮೇಲೆ ಮಾತಾಡಲು ಕರೆದಿತ್ತು. ಭಾಷಣಕ್ಕೆಂದು ಹೊಸದಾಗಿ ಓದಲು ಕೂತದ್ದೇ ತಪ್ಪಾಯಿತು. ಮಾಸ್ತರರ ನಿದ್ದೆ ಹಾರಿತ್ತು.

ಅವರು ವಿವರಿಸಿದ್ದು ಇಷ್ಟು. ಸುಮಾರು ಅರ್ಧ ಶತಮಾನದ ಹಿಂದೆ ಮಂಗಳನ ಮೇಲಿಳಿದ ಅಮೆರಿಕದ ನೌಕೆ ಚೂರು ಮಣ್ಣೆತ್ತಿ ಅದಕ್ಕೆ ಪೌಷ್ಟಿಕ ರಸ ಉಣಿಸಿತು. ಒಳಗೆ ಯಾರಾದರೂ ಇದ್ದರೆ ಉಂಡು ಗಾಳಿ ಬಿಡಬೇಕು. ಬಿಟ್ಟಿತು! ಒಳಗಿನ ಜೀವ ಸಾಯುವಷ್ಟು ಮಣ್ಣನ್ನು ಕಾಯಿಸಿ ಉಣಿಸಿದರೆ ಗಾಳಿ ಇಲ್ಲ. ಆದರೆ ಅದೇ ನೌಕೆಯ ಇನ್ನೊಂದು ಯಂತ್ರ, ಜೀವಿಗಳ ಮೈಯಲ್ಲಿರಬೇಕಾದ ಪದಾರ್ಥವೇ ಇಲ್ಲಿಲ್ಲ ಎಂದುಬಿಟ್ಟಿತು. ಇದು ಬರೀ ರಸಾಯನದ ಆಟ ಎಂದರು ಬಹಳ ಜನ. ಆ ಮಣ್ಣಿನ ಉಪ್ಪೇ ಆ ಪದಾರ್ಥವನ್ನು ಸುಟ್ಟು ಎರಡನೆಯ ಯಂತ್ರಕ್ಕೆ ಮೋಸ ಮಾಡಿರಬಹುದು ಎಂದು ಆಮೇಲೆ ಕೆಲವರು. ಬರದಲ್ಲೇ ಬಾಳುವ ಜೀವಿಗೆ ಆ ರಸವೇ ಪ್ರವಾಹವಾಗಿ ನಾವೇ ಮುಳುಗಿಸಿ ಕೊಂದೆವೇನೋ ಎಂದು ಮತ್ತೊಬ್ಬರು.

ನನಗೆ ರೋಮಾಂಚನ. ಎರಡನೆಯ ಮೂಲ ಖಚಿತಪಡಿಸದ ಕಾರಣ ಅರ್ಧ ಶತಮಾನದಿಂದ ತಡೆಹಿಡಿದ ಸುದ್ದಿ! ಯಾವ ಸಂಪಾದಕನಿಗಿದೆ ಇಂಥ ತಾಳ್ಮೆ?

ವೆಂಕಣ್ಣ ಬದನೆಕಾಯಿ ಬಡಿಸುತ್ತ, "ಅಂದ್ರ ಅವರೂ ಚರಗಾ ಚೆಲ್ಲ್ಯಾರ ಅನ್ರಿ" ಎಂದ.

"ಫರಕ್ ಐತೋ ವೆಂಕಣ್ಣ. ನೀ ಚೆಲ್ಲಿ ಮನಿಗೆ ಹೋಗ್ತಿ. ಅವರು ಮಣ್ಣು ತೇಗ್ತೈತೇನಂತ ಕಾಯ್ಕೋತ ಕುಂತ್ರು" ಎಂದರು ಮಾಸ್ತರರು.

ಎಲ್ಲರೂ ನಕ್ಕೆವು. ಆದರೆ ವೆಂಕಣ್ಣ ಬಿಡಲಿಲ್ಲ. "ಸಾಲಿ ಹುಡುಗರಿಗೆ ಐತಿ ಅನ್ರಿ, ಇಲ್ಲಾ ಇಲ್ಲ ಅನ್ರಿ. ನಡುವ ತೂಗ್ಯಾಡಿದ್ರ ಮಾಸ್ತರಗ ವಯಸ್ಸಾತು ಅಂತಾರ."

ಮಾಸ್ತರರ ಕೈಯ ರೊಟ್ಟಿ ಅಲ್ಲೇ ನಿಂತಿತು. ಆಯುಷ್ಯವಿಡೀ ಗಳಿಸಿದ್ದು ಅದೊಂದೇ, ಮಾತಿನ ತೂಕ. ನಾನು ಉಪಕಾರ ಮಾಡಹೋಗಿ, ಬಲ್ಲ ಮೂಲಗಳ ಪ್ರಕಾರ ಇದೆ ಎಂದುಬಿಡಿ ಎಂದೆ. ಅವರು ನೋಡಿದ ನೋಟಕ್ಕೆ ನಾನು ಹೋಳಿಗೆಗೆ ತುಪ್ಪ ಕೇಳುವ ನೆಪದಲ್ಲಿ ವೆಂಕಣ್ಣನ ಕಡೆ ತಿರುಗಿದೆ.

ವರದಿಯ ನೆಪದಲ್ಲಿ ನಾನೂ ಬಾಗೇವಾಡಿಗೆ ಹೋದೆ. ಮಾಸ್ತರರು ತುಂಬಿದ ಸಭಾಂಗಣಕ್ಕೆ ಮಣ್ಣಿಗೆ ಉಣಿಸಿದ ಕತೆ ಹೇಳಿದರು. ಕತೆ ಮುಗಿಯುತ್ತಲೇ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು.

"ಹಂಗಾರ ಐತೋ ಇಲ್ಲೋ ಹೇಳ್ರಿ ಸರ್."

ಮಾಸ್ತರರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಗೊತ್ತಿಲ್ಲವ್ವಾ. ಇಲ್ಲ ಅಂತ ಭಾಳ ವರ್ಷ ಹೇಳೇನಿ. ಖರೇ ಹೇಳಬೇಕಂದ್ರ ನನಗೂ ಗೊತ್ತಿಲ್ಲ, ಯಾರಿಗೂ ಇನ್ನೂ ಗೊತ್ತಿಲ್ಲ."

ನಾನು ತಲೆ ತಗ್ಗಿಸಿ ಹುಡುಗರ ನಗುವಿಗಾಗಿ ಕಾದೆ. ನಗು ಬರಲಿಲ್ಲ. ಆ ಹುಡುಗಿ ಕೂರಲೂ ಇಲ್ಲ. ಹಾಗಾದರೆ ಇನ್ನೊಮ್ಮೆ ಯಾಕೆ ಉಣಿಸಿ ನೋಡಬಾರದು ಎಂದು ಕೇಳಿದಳು. ಹಿಂದಿನ ಸಾಲಿನ ಹುಡುಗ ಈ ಸಲ ರಸ ಕಡಿಮೆ ಹಾಕಬೇಕೆಂದ. ಮತ್ತೊಬ್ಬಳು ಅಗೆದು ಕೆಳಗಿನ ಮಣ್ಣು ತೆಗೆಯಬೇಕೆಂದಳು. ಕೊನೆಗೆ ಗಂಟೆ ಬಾರಿಸಿ ಸಭೆ ಮುಗಿಸಬೇಕಾಯಿತು.

ಮರಳುವ ಬಸ್ಸಿನಲ್ಲಿ ಮಾಸ್ತರರು ಕಿಟಕಿಯಾಚೆಯ ಎರೆಹೊಲಗಳನ್ನು ಬಿಟ್ಟು ನನ್ನತ್ತ ತಿರುಗಿದರು.

"ಇಷ್ಟು ವರ್ಷ ಉತ್ತರ ಹೇಳಿದೆ, ಎಲ್ಲಾರೂ ಬರಕೊಂಡು ಸುಮ್ಮ ಕುಂತ್ರು. ಇವತ್ತ ಗೊತ್ತಿಲ್ಲ ಅಂದೆ ನೋಡ್ರಿ, ಒಬ್ಬರೂ ಕುಂಡ್ರಲಿಲ್ಲ."